ಬಾಂಬಿನ ಗುರಿ ಎಲ್ಲಿತ್ತು?

ಹಿರೋಷಿಮಾದ ಮಾತು ಬಂದಾಗಲೆಲ್ಲ ಒಂದು ಲೆಕ್ಕ ಮುಂದೆ ಬರುತ್ತದೆ: ಬಾಂಬು ಹಾಕದಿದ್ದರೆ ಜಪಾನಿನ ನೆಲಕ್ಕೇ ಸೈನ್ಯ ಇಳಿಸಬೇಕಿತ್ತು, ಹತ್ತು ಲಕ್ಷ ಅಮೆರಿಕನ್ನರು ಸಾಯುತ್ತಿದ್ದರು. ಯುದ್ಧ ಕಾರ್ಯದರ್ಶಿಯಾಗಿದ್ದ ಹೆನ್ರಿ ಸ್ಟಿಮ್ಸನ್ 1947ರ ಲೇಖನದಲ್ಲಿ ಬರೆದದ್ದು ಹತ್ತು ಲಕ್ಷ ‘ಸಾವುನೋವು’. ಗಾಯಾಳುಗಳೂ ಅದರಲ್ಲಿ ಸೇರಿದ್ದರು. ಬಾಯಿಂದ ಬಾಯಿಗೆ ಹೋಗುತ್ತ ಅಷ್ಟೂ ಸಾವೇ ಆಯಿತು.

ಈ ಲೆಕ್ಕವನ್ನು ಪ್ರಶ್ನಿಸಿದರೆ ಏನಾಗುತ್ತದೆ ಎಂಬುದು 1995ರಲ್ಲಿ ಗೊತ್ತಾಯಿತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವೈಮಾನಿಕ ಸಂಗ್ರಹಾಲಯ, ಹಿರೋಷಿಮಾದ ಮೇಲೆ ಬಾಂಬು ಹಾಕಿದ ‘ಎನೋಲಾ ಗೇ’ ವಿಮಾನದ ಜೊತೆಗೆ ಹಿರೋಷಿಮಾದ ಶಾಲಾ ಹುಡುಗಿಯೊಬ್ಬಳ ಊಟದ ಡಬ್ಬಿಯನ್ನೂ ಇಡಲು ಹೊರಟಿತ್ತು. ಡಬ್ಬಿಯೊಳಗಿನ ಅನ್ನ, ಬಟಾಣಿ ಸುಟ್ಟು ಇದ್ದಿಲಾಗಿವೆ. ಬೆಂಕಿ ಹಬ್ಬದಿರಲೆಂದು ಮನೆಗಳನ್ನು ಕೆಡವಿ ಜಾಗ ತೆರವು ಮಾಡುವ ಕೆಲಸಕ್ಕೆ ಬಾಂಬು ಬಿದ್ದ ದಿನ ಬೆಳಿಗ್ಗೆ ಸಾವಿರಾರು ಮಕ್ಕಳನ್ನು ಹಚ್ಚಿದ್ದರು. ಅವರಲ್ಲಿ ಈಕೆಯೂ ಒಬ್ಬಳು. ಮಾಜಿ ಯೋಧರ ಸಂಘಗಳು, ಸಂಸದರು ತಿರುಗಿಬಿದ್ದರು. ಮೂಲ ಪ್ರದರ್ಶನ ರದ್ದಾಯಿತು, ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಕೊನೆಗೆ ವಿಮಾನದ ಒಡಲನ್ನಷ್ಟೇ ಜನರ ಮುಂದಿಟ್ಟರು.

ಆ ಡಬ್ಬಿಗೆ ಅಷ್ಟೇಕೆ ಹೆದರಿದರು? ಗುರಿ ಯಾವುದಾಗಿತ್ತು ಎಂದು ಅದು ಕೇಳುತ್ತದೆ, ಅದಕ್ಕೆ. 1945ರ ಮೇ 31ರಂದು ಸ್ಟಿಮ್ಸನ್ನರದೇ ಸಮಿತಿ ಒಪ್ಪಿಕೊಂಡ ಗುರಿ, ಸುತ್ತಲೂ ಕಾರ್ಮಿಕರ ಮನೆಗಳಿರುವ ದೊಡ್ಡ ಕಾರ್ಖಾನೆ. ವಿಮಾನದವರು ಗುರಿಯಿಟ್ಟದ್ದು ಊರ ನಡುಮಧ್ಯದ ಅಯೋಯಿ ಸೇತುವೆಗೆ. ಹೊರವಲಯದ ದೊಡ್ಡ ಕಾರ್ಖಾನೆಗಳು ಬಹುಪಾಲು ಉಳಿದುಕೊಂಡವು; ವರ್ಷಾಂತ್ಯದೊಳಗೆ ಸುಮಾರು 1,40,000 ಜನ ಸತ್ತರು. ಇದನ್ನು ಅನಿವಾರ್ಯ ಹಾನಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಎದುರುವಾದವನ್ನು ತಳ್ಳಿಹಾಕುವಂತಿಲ್ಲ. ಚೀನಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಜಪಾನೀ ಸೈನ್ಯದ ಕೈಯಲ್ಲಿ ಜನ ದಿನವೂ ಸಾಯುತ್ತಿದ್ದರು. ಅವರ ಪಾಲಿಗೆ ಯುದ್ಧ ಒಂದು ವಾರ ಮೊದಲು ಮುಗಿದರೂ ದೊಡ್ಡದೇ. ಹಾಗಿದ್ದರೆ ಬೇಗ ಮುಗಿಸುವ ಬೇರೆ ದಾರಿಯನ್ನು ಯಾಕೆ ಬಿಟ್ಟರು? ಚಕ್ರವರ್ತಿಯ ಪೀಠ ಉಳಿಯಬಹುದು ಎಂಬ ಸೂಚನೆ, ಜಪಾನ್ ಶರಣಾಗಲಿ ಎಂದು ಕೇಳಿದ ಜುಲೈ 26ರ ಪಾಟ್ಸ್‌ಡ್ಯಾಮ್ ಘೋಷಣೆಯ ಕರಡಿನಲ್ಲಿತ್ತು. ಹೊರಬಿದ್ದ ಪ್ರತಿಯಲ್ಲಿ ಇರಲಿಲ್ಲ. ಎರಡು ಊರು ಸುಟ್ಟ ಮೇಲೆ ಚಕ್ರವರ್ತಿ ಹಿರೋಹಿಟೊ ಪೀಠದಲ್ಲೇ ಉಳಿದರು. ಆ ಭರವಸೆಯೊಂದರಿಂದಲೇ ಜಪಾನ್ ಶರಣಾಗುತ್ತಿತ್ತು ಎಂದು ಯಾರೂ ಆಣೆ ಮಾಡಲಾರರು. ಆದರೆ ಕೇಳಿ ನೋಡುವ ಮೊದಲೇ ಮಕ್ಕಳ ಮೇಲೆ ಬಾಂಬು ಹಾಕಿದವರು ‘ಬೇರೆ ದಾರಿಯೇ ಇರಲಿಲ್ಲ’ ಎಂದರೆ ಒಪ್ಪುವುದು ಹೇಗೆ?

ನಾಗಸಾಕಿಗಂತೂ ಹೊಸ ತೀರ್ಮಾನವೇ ಬೇಕಾಗಲಿಲ್ಲ. ಬಾಂಬುಗಳು ಸಿದ್ಧವಾದಂತೆ ಹಾಕುತ್ತ ಹೋಗಿ ಎಂಬ ಆದೇಶ ಜುಲೈ 25ರಂದೇ ಹೊರಟಿತ್ತು. ತನ್ನ ಅಪ್ಪಣೆಯಿಲ್ಲದೆ ಇನ್ನೊಂದು ಬೀಳಕೂಡದೆಂದು ಅಧ್ಯಕ್ಷ ಟ್ರೂಮನ್ ತಡೆದದ್ದು ಆಗಸ್ಟ್ 10ರಂದು. ಮತ್ತೊಂದು ಲಕ್ಷ ಜನರನ್ನು, ಅಷ್ಟೊಂದು ಮಕ್ಕಳನ್ನು ಕೊಲ್ಲುವುದು ಅವರಿಗೆ ಸಹಿಸಲಾಗಲಿಲ್ಲವೆಂದು ಸಚಿವ ಹೆನ್ರಿ ವಾಲೇಸ್ ದಿನಚರಿಯಲ್ಲಿ ಬರೆದಿಟ್ಟರು. ಆ ಸಂಕಟ ನಾಲ್ಕು ದಿನ ಮೊದಲೇ ಹುಟ್ಟಬೇಕಿತ್ತು ಎಂಬುದೇ ನನ್ನ ತಕರಾರು.