ಹತ್ತು ಜನರ ಕಡ್ಡಿ, ಒಬ್ಬನ ಹೊರೆ

ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುವ ದಿನ ನಮ್ಮ ಶಾಲೆಯ ಅಂಗಳ ಜಾತ್ರೆಯಂತಿರುತ್ತದೆ. ಹಿಂದೂಪುರದ ಸುತ್ತಲಿನ ಹಳ್ಳಿಗಳಿಂದ ತಂದೆತಾಯಿಗಳು ಆ ದಿನದ ಕೂಲಿಯನ್ನು ಬಿಟ್ಟು ಬಂದಿರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂತಹ ಒಂದು ದಿನ ನಾವು ಕಛೇರಿಯ ಕಂಪ್ಯೂಟರಿನ ಮುಂದೆ ಕುಳಿತು, ಯಾರೋ ಹೇಳಿದ ಜಾಲತಾಣವೊಂದನ್ನು ತೆರೆಯಲು ಹೊರಟೆವು. ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗತೊಡಗಿತು, ತಿರುಗುತ್ತಲೇ ಇತ್ತು. ಕಿಟಕಿಯ ಹೊರಗಿನಿಂದ ತಾಯಿಯೊಬ್ಬರು "ಸಾರ್, ನಮ್ಮ ಹುಡುಗೀದು ಬಂತಾ ಸಾರ್?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. "ಇನ್ನೂ ಇಲ್ಲಮ್ಮ" ಎಂದು ನಾವೂ ಮತ್ತೆ ಮತ್ತೆ ಹೇಳುತ್ತಿದ್ದೆವು. ಮಧ್ಯಾಹ್ನ ಎರಡು ಗಂಟೆಗೆ ಪುಟ ತೆರೆಯಿತು. ಹುಡುಗಿ ಪಾಸಾಗಿದ್ದಳು. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಆ ತಾಯಿ ಹೊರಟುಹೋಗಿದ್ದರು.

ಅಂದು ಸಂಜೆ ನಮಗೆ ನಮ್ಮದೇ ಫಲಿತಾಂಶದ ದಿನ ನೆನಪಾಯಿತು. ನಾವು ಓದಿದ್ದು ಕಲ್ಯಾಣದುರ್ಗದಲ್ಲಿ, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. 1990ರ ದಶಕದ ಮಾತು. ಆಗ ಪಾಸಾದವರ ನಂಬರುಗಳು ದಿನಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಬಸ್‌ಸ್ಟ್ಯಾಂಡಿನ ಬಳಿಯ ಹೋಟೆಲಿಗೆ ಒಂದು ಪತ್ರಿಕೆ ಬರುತ್ತಿತ್ತು. ಒಬ್ಬರು ಬೆಂಚಿನ ಮೇಲೆ ನಿಂತು ನಂಬರುಗಳನ್ನು ಗಟ್ಟಿಯಾಗಿ ಓದಿದರು. ಸುತ್ತ ನಿಂತವರು ತಮ್ಮ ಊರಿನ ಹುಡುಗರ ನಂಬರು ಬಂದೊಡನೆ ಚೀಟಿಯಲ್ಲಿ ಬರೆದುಕೊಂಡು ಹಳ್ಳಿಯ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರು. ಸಂಜೆಯ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಗೆಲ್ಲ ಸುದ್ದಿ ಮುಟ್ಟಿತ್ತು. ಪತ್ರಿಕೆ ಅಚ್ಚಾಗುವ ಮುದ್ರಣಾಲಯದ ಬಾಗಿಲನ್ನು ಯಾರೂ ತಟ್ಟಬೇಕಾಗಿರಲಿಲ್ಲ.

ಇಂದು ನಮ್ಮಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ಆದರೂ ಆ ತಾಯಿ ಸುದ್ದಿಯಿಲ್ಲದೆ ಊರಿಗೆ ಮರಳಿದರು. ಹೀಗೇಕಾಯಿತು ಎಂಬುದನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಜಾಲತಾಣವೆಂದರೆ ಎಲ್ಲಿಯೋ ಇರುವ ಒಂದು ಕಂಪ್ಯೂಟರಿನಲ್ಲಿಟ್ಟ ಕಡತ. ಆ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಕೇಳಿದವರಿಗೆಲ್ಲ ಅದು ಕಡತದ ಒಂದೊಂದು ಪ್ರತಿಯನ್ನು ಕಳುಹಿಸಬೇಕು. ಆಂಧ್ರಪ್ರದೇಶದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಒಬ್ಬೊಬ್ಬರಿಗಾಗಿ ಮೂವರು ಫೋನ್ ಒತ್ತಿದರೆನ್ನಿ, 18 ಲಕ್ಷ ಕೋರಿಕೆಗಳಾದವು. ಎಲ್ಲರೂ ಮೊದಲ ಹತ್ತು ನಿಮಿಷದಲ್ಲೇ ಒತ್ತಿದರೆ ಸೆಕೆಂಡಿಗೆ 3,000 ಕೋರಿಕೆ. ಪುಟ ತೆರೆಯದಿದ್ದಾಗ ನಾವು ಸುಮ್ಮನಿರುತ್ತೇವೆಯೆ? ಮತ್ತೊಮ್ಮೆ ಒತ್ತುತ್ತೇವೆ. ಹೊರೆ ಇಮ್ಮಡಿಯಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ನಿದ್ದೆ ಮಾಡುವಂತಿರುವ ಸರ್ವರ್ ಅಂದು ಕುಸಿದು ಬೀಳುತ್ತದೆ.

ಇದು ನಮ್ಮ ಸೀಮೆಗೆ ಮಾತ್ರ ಬಂದ ಕಷ್ಟವೆಂದು ತಿಳಿಯಬಾರದು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ದಾಳಿ ನಡೆದಾಗ ಲೋಕದ ಜನರೆಲ್ಲ ಒಮ್ಮೆಗೇ ಸುದ್ದಿಯ ತಾಣಗಳಿಗೆ ಮುಗಿಬಿದ್ದರು. ಸಿ.ಎನ್.ಎನ್. ನಂತಹ ದೊಡ್ಡ ಸಂಸ್ಥೆಯ ತಾಣವೂ ತಡೆಯಲಾರದೆ, ಚಿತ್ರ ಅಲಂಕಾರಗಳನ್ನೆಲ್ಲ ಕಳಚಿ ಬರಿಯ ಅಕ್ಷರಗಳ ಪುಟಕ್ಕೆ ಇಳಿಯಿತು. ಆ ದಿನ ಗೂಗಲ್ ತನ್ನ ಮುಖಪುಟದಲ್ಲಿ, ಹೊಸ ಸುದ್ದಿಗೆ ರೇಡಿಯೊ ಟೆಲಿವಿಷನ್‌ಗಳನ್ನು ನೋಡಿರೆಂದು ಹೇಳಿ, ತನ್ನ ಬಳಿಯಿದ್ದ ಸುದ್ದಿಪುಟಗಳ ಪ್ರತಿಗಳನ್ನು ಜನರ ಮುಂದಿಟ್ಟಿತು. ನಮ್ಮ ದೇಶದಲ್ಲಿ 2021ರ ಏಪ್ರಿಲ್ 28ರಂದು 18 ವರ್ಷ ತುಂಬಿದವರಿಗೆಲ್ಲ ಕೊರೊನಾ ಲಸಿಕೆಯ ನೋಂದಣಿ ತೆರೆದಾಗಲೂ ಹೀಗೆಯೇ ಆಯಿತು. ಮೊದಲ ದಿನವೇ ಒಂದು ಕೋಟಿಗೂ ಮಿಕ್ಕಿ ಜನ ಹೆಸರು ಬರೆಸಿದರು. ಆದರೆ ಆರಂಭದ ಹೊತ್ತಿನಲ್ಲಿ ಅನೇಕರು ಬಾಗಿಲಲ್ಲೇ ನಿಂತಿದ್ದರು.

ಇದಕ್ಕೆ ಪರಿಹಾರವೇನು? ಬಾಗಿಲನ್ನು ದೊಡ್ಡದು ಮಾಡುವುದು ಒಂದು ದಾರಿ. ಆದರೆ ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ವರ್ಷವಿಡೀ ಸಾವಿರ ಗಾಡಿಗಳನ್ನು ಸಾಕುವವರುಂಟೆ? ಎರಡನೆಯ ದಾರಿ, ಪುಟದ ಪ್ರತಿಗಳನ್ನು ಊರೂರಿನ ಸರ್ವರುಗಳಲ್ಲಿ ಮೊದಲೇ ಇರಿಸುವುದು. ಹೀಗೆ ಹತ್ತಿರದಲ್ಲಿ ಕಾದಿರಿಸಿದ ಪ್ರತಿಗೆ 'ಕ್ಯಾಷ್' ಎನ್ನುತ್ತಾರೆ; ಇದಕ್ಕೂ ಅಂಗಡಿಯ ಗಲ್ಲಾಪೆಟ್ಟಿಗೆಯ ಕ್ಯಾಷಿಗೂ ಸಂಬಂಧವಿಲ್ಲ. ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ಟಾಮ್ ಲೇಟನ್ ಮತ್ತು ಅವರ ಶಿಷ್ಯ ಡೇನಿಯಲ್ ಲೆವಿನ್ 1998ರಲ್ಲಿ ಇದಕ್ಕಾಗಿ ಅಕಮಾಯ್ ಎಂಬ ಕಂಪೆನಿಯನ್ನೇ ಕಟ್ಟಿದರು. 2001ರ ಆ ಸೆಪ್ಟೆಂಬರ್ 11ರಂದು ಲೆವಿನ್ ಪಯಣಿಸುತ್ತಿದ್ದ ವಿಮಾನವೇ ದಾಳಿಕೋರರ ವಶವಾಯಿತು, ಅವರು ಉಳಿಯಲಿಲ್ಲ. ಆಗ ಅವರಿಗೆ 31 ವರ್ಷ. ಅದೇ ದಿನ ಸುದ್ದಿಗಾಗಿ ಹಾತೊರೆದ ಜನರ ಒತ್ತಡವನ್ನು ಹೊತ್ತವುಗಳಲ್ಲಿ ಅವರು ಕಟ್ಟಿದ ವ್ಯವಸ್ಥೆಯೂ ಒಂದು. ಈ ದಾರಿ ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ಹಣ ಬೇಕು. ಬಡ ಶಾಲೆಗೆ, ಸಣ್ಣ ಸಂಘಕ್ಕೆ, ಏಕಾಂಗಿ ಬರಹಗಾರನಿಗೆ ಅದು ಎಟುಕುವುದು ಕಷ್ಟ.

ಮೂರನೆಯ ದಾರಿಯೊಂದಿದೆ. ಪಡೆದವನೇ ಮುಂದಿನವನಿಗೆ ಕೊಡುವುದು. ಇದನ್ನು ಪಿಯರ್ ಟು ಪಿಯರ್, ಅಂದರೆ ಓರಗೆಯವರಿಂದ ಓರಗೆಯವರಿಗೆ, ಎನ್ನುತ್ತಾರೆ. 2001ರಲ್ಲಿ ಬ್ರಾಮ್ ಕೊಹೆನ್ ಎಂಬವರು ರಚಿಸಿದ ಬಿಟ್‌ಟೊರೆಂಟ್ ಈ ಬಗೆಯದು. ಅದು ದೊಡ್ಡ ಕಡತವನ್ನು ತುಂಡುತುಂಡಾಗಿ ಹಂಚುತ್ತದೆ. ಒಂದು ತುಂಡು ಕೈಗೆ ಬಂದವನು ಅದನ್ನು ಇನ್ನೊಬ್ಬನಿಗೆ ಕೊಡುತ್ತ ತನ್ನಲ್ಲಿಲ್ಲದ ತುಂಡನ್ನು ಪಡೆಯುತ್ತಾನೆ. ಕೊಡುವವನಿಗೆ ಬೇಗ ಸಿಗುತ್ತದೆ, ಕೊಡದವನು ಹಿಂದುಳಿಯುತ್ತಾನೆ. 2004ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೈಕೇಲ್ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಕೋರಲ್ ಎಂಬ ವ್ಯವಸ್ಥೆಯನ್ನು ಜಾಲತಾಣಗಳಿಗಾಗಿಯೇ ಕಟ್ಟಿದರು. ತಾಣದ ಹೆಸರಿನ ಕೊನೆಗೆ ಕೆಲವು ಅಕ್ಷರಗಳನ್ನು ಸೇರಿಸಿದರಾಯಿತು. ನಮ್ಮ ಕೋರಿಕೆ ಹತ್ತಿರದ ಕೋರಲ್ ಕಂಪ್ಯೂಟರಿಗೆ ಹೋಗುತ್ತಿತ್ತು. ಅದು ಮೊದಲು ನೆರೆಯ ಕಂಪ್ಯೂಟರುಗಳನ್ನು "ನಿಮ್ಮಲ್ಲಿ ಈ ಪುಟವಿದೆಯೆ?" ಎಂದು ವಿಚಾರಿಸುತ್ತಿತ್ತು. ಯಾರಲ್ಲೂ ಇಲ್ಲದಿದ್ದರೆ ಮಾತ್ರ ಮೂಲ ಸರ್ವರಿನ ಬಾಗಿಲಿಗೆ ಹೋಗುತ್ತಿತ್ತು. ಹಣ ಕೊಡಲಾರದ ಸಣ್ಣ ತಾಣಗಳು ದಿಢೀರನೆ ನುಗ್ಗಿದ ಜನಸಂದಣಿಯನ್ನು ಇದರಿಂದ ತಾಳಿಕೊಂಡವು. ಸುಮಾರು ಹತ್ತು ವರ್ಷ ನಡೆದು ಆ ಸೇವೆ ನಿಂತಿದೆ. ಅದರ ತತ್ತ್ವ ನಿಂತಿಲ್ಲ. 2015ರಲ್ಲಿ ಬಂದ ವಿಂಡೋಸ್ 10ರಿಂದೀಚೆಗೆ ಒಂದೇ ಕೊಠಡಿಯ ಕಂಪ್ಯೂಟರುಗಳು ತಮ್ಮ ಹೊಸ ತಂತ್ರಾಂಶವನ್ನು ಒಂದರಿಂದೊಂದು ಪಡೆಯುವ ಏರ್ಪಾಡು ಇದೆ.

ಈ ದಾರಿಯ ಬಲವನ್ನು ಗಣಿತದಲ್ಲಿ ನೋಡಿ. ಮೊದಲ ನಿಮಿಷ ಒಬ್ಬನಲ್ಲಿ ಪ್ರತಿಯಿದೆ. ಅವನು ಒಬ್ಬನಿಗೆ ಕೊಟ್ಟರೆ ಇಬ್ಬರಾದರು. ಆ ಇಬ್ಬರೂ ಒಬ್ಬೊಬ್ಬನಿಗೆ ಕೊಟ್ಟರೆ ನಾಲ್ವರು. ಹೀಗೆ 20 ಸಲ ನಡೆದರೆ 10,48,576 ಜನರಾದರು! ಒಂದೇ ಬಾಗಿಲಿರುವಾಗ ಜನ ಹೆಚ್ಚಿದಷ್ಟೂ ಕಷ್ಟ ಹೆಚ್ಚುತ್ತದೆ. ಓರಗೆಯ ಹಂಚಿಕೆಯಲ್ಲಿ ಜನ ಹೆಚ್ಚಿದಷ್ಟೂ ಕೊಡುವ ಕೈಗಳೂ ಹೆಚ್ಚುತ್ತವೆ. 'ಹತ್ತು ಜನರ ಕಡ್ಡಿ ಒಬ್ಬನ ಹೊರೆ' ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಮಳೆ ಕಡಿಮೆಯಿರುವ ನಮ್ಮ ಸೀಮೆಯವರಿಗೆ ಇದು ಹೊಸ ವಿಷಯವೂ ಅಲ್ಲ. ಇಲ್ಲಿನ ಹಳೆಯ ಕೆರೆಗಳು ಸರಪಳಿಯಂತೆ ಇವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುತ್ತದೆ, ಅದರ ಕೋಡಿ ಮತ್ತೊಂದಕ್ಕೆ. ಒಂದೇ ಮಳೆಯ ರಭಸವನ್ನು ಒಂದೇ ಕೆರೆ ಹೊರಬೇಕಾಗಿದ್ದರೆ ಅದರ ಏರಿ ಒಡೆದುಹೋಗುತ್ತಿತ್ತು. ಹತ್ತು ಕೆರೆಗಳು ಹಂಚಿಕೊಂಡದ್ದರಿಂದ ಏರಿಯೂ ಉಳಿಯಿತು, ಹತ್ತು ಊರಿಗೆ ನೀರೂ ಆಯಿತು.

ಆದರೆ ಒಳ್ಳೆಯದನ್ನು ಹೇಳಿ ತೊಡಕನ್ನು ಮರೆಮಾಡುವುದು ಶಿಕ್ಷಕರಾದ ನಮಗೆ ತರವಲ್ಲ. ಮೊದಲನೆಯದಾಗಿ, ಎಲ್ಲರಿಗೂ ಬೇಕಾದ ಒಂದೇ ವಸ್ತುವನ್ನು ಮಾತ್ರ ಹೀಗೆ ಹಂಚಬಹುದು. ಪರೀಕ್ಷೆಯ ವೇಳಾಪಟ್ಟಿ ಎಲ್ಲರಿಗೂ ಒಂದೇ. ಅಂಕಪಟ್ಟಿ ಒಬ್ಬೊಬ್ಬರಿಗೆ ಒಂದೊಂದು. ಅಂಕಗಳನ್ನು ಊರೆಲ್ಲ ಹಂಚುವುದು ಸಲ್ಲದು. ಅಲ್ಲಿ ಬೇಕಾಗಿರುವುದು ಹಲವು ಬಾಗಿಲುಗಳು. 2025ರಲ್ಲಿ ನಮ್ಮ ರಾಜ್ಯದ ಹತ್ತನೆಯ ತರಗತಿಯ ಫಲಿತಾಂಶ ಜಾಲತಾಣವಲ್ಲದೆ 'ಮನ ಮಿತ್ರ' ಎಂಬ ವಾಟ್ಸಾಪ್ ಸೇವೆಯಲ್ಲೂ ದೊರೆತದ್ದು ಒಳ್ಳೆಯ ಹೆಜ್ಜೆ. ಎಲ್ಲರಿಗೂ ಸಮಾನವಾದ ಪುಟಗಳ ಹೊರೆ ಬೇರೆಡೆಗೆ ಹಂಚಿಹೋದರೆ, ಅಂಕಗಳನ್ನು ಕೊಡುವ ಸರ್ವರಿಗೂ ಉಸಿರಾಡಲು ಬಿಡುವು ಸಿಗುತ್ತದೆ.

ಎರಡನೆಯದಾಗಿ, ಪ್ರತಿ ಹಳೆಯದಾಗಿರಬಹುದು. ಬದಲಾದ ವೇಳಾಪಟ್ಟಿಯ ಹಳೆಯ ಪ್ರತಿಯನ್ನು ನಂಬಿ ಪರೀಕ್ಷೆ ತಪ್ಪಿಸಿಕೊಂಡರೆ ಗತಿಯೇನು? ಆದುದರಿಂದ ಕ್ಯಾಷಿನ ಪ್ರತಿಗೆ ಇಷ್ಟು ಹೊತ್ತು ಮಾತ್ರ ಬೆಲೆ ಎಂಬ ಗಡುವು ಇರುತ್ತದೆ. ನಾವು ಹಂಚುವ ಕಾಗದದ ಮೇಲೂ ದಿನಾಂಕವಿರಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನಡುವೆ ಯಾರಾದರೂ ತಿದ್ದಿದ್ದರೆ? 'ನಾಳೆ ಶಾಲೆಗೆ ರಜೆ' ಎಂಬ ಸುಳ್ಳು ಸುತ್ತೋಲೆ ಫೋನಿನಿಂದ ಫೋನಿಗೆ ಹಾರುವುದನ್ನು ನಾವೆಲ್ಲ ಕಂಡಿದ್ದೇವೆ. ಕೋರಲ್ ಕಟ್ಟಿದವರೂ ಗುರುತಿಲ್ಲದವರ ಕಂಪ್ಯೂಟರುಗಳನ್ನು ನೆಚ್ಚಿಕೊಳ್ಳದೆ, ವಿಶ್ವವಿದ್ಯಾಲಯ ಮುಂತಾದ ಸಂಸ್ಥೆಗಳಲ್ಲಿದ್ದ ಯಂತ್ರಗಳಲ್ಲಿ ಅದನ್ನು ನಡೆಸಿದರು. ಬಿಟ್‌ಟೊರೆಂಟ್ ಬೇರೊಂದು ಉಪಾಯ ಮಾಡಿತು. ಪ್ರತಿ ತುಂಡಿನ ಅಕ್ಷರಗಳನ್ನೆಲ್ಲ ಒಂದು ಲೆಕ್ಕಕ್ಕೆ ಒಳಪಡಿಸಿ ಒಂದು ಸಂಖ್ಯೆಯನ್ನು ಮೊದಲೇ ಬರೆದಿಡುತ್ತಾರೆ. ತುಂಡನ್ನು ಪಡೆದವನು ಅದೇ ಲೆಕ್ಕವನ್ನು ತಾನೂ ಮಾಡುತ್ತಾನೆ. ಒಂದು ಅಕ್ಷರ ಬದಲಾಗಿದ್ದರೂ ತಾಳೆ ಬೀಳುವುದಿಲ್ಲ. ಆ ತುಂಡನ್ನು ಬಿಸುಟು ಬೇರೆಯವರಿಂದ ತರಿಸುತ್ತಾನೆ. ಅಂಗಡಿಯ ಲೆಕ್ಕದಲ್ಲಿ ಕೊನೆಯ ಮೊತ್ತವನ್ನು ತಾಳೆ ನೋಡುವಂತೆಯೇ ಇದು. ಕೊಡುವವನ ಮುಖ ನೋಡಿ ನಂಬಬೇಕಾಗಿಲ್ಲ, ವಸ್ತುವನ್ನು ಪರೀಕ್ಷಿಸಿ ನಂಬಬಹುದು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇವೆ. ನಮ್ಮಂತಹ ಗಡಿಸೀಮೆಯ ಕನ್ನಡ ಶಾಲೆಗಳು ದೂರದ ಒಂದೇ ಬಾಗಿಲನ್ನು ನೆಚ್ಚಿ ಕೂರಬಾರದು. ಈ ರಾಜ್ಯದಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಕೆಲವರೇ. ಅಚ್ಚಾದ ಪುಸ್ತಕ ತಡವಾಗಿ ಬಂದ ವರ್ಷಗಳನ್ನು ನಾವು ಕಂಡಿದ್ದೇವೆ. ಅಂತಹ ಒಂದು ವರ್ಷ ನಮ್ಮ ಮಕ್ಕಳೆಲ್ಲ ಒಂದೇ ಪಠ್ಯವನ್ನು ಬೇರೆಬೇರೆಯಾಗಿ ಫೋನಿನಲ್ಲಿ ಇಳಿಸಿಕೊಳ್ಳಲು ಹೆಣಗಿ, ದಿನದ ಡೇಟಾ ಮುಗಿಸಿಕೊಂಡು ಬರಿಗೈಯಲ್ಲಿ ತರಗತಿಗೆ ಬಂದಿದ್ದರು. ಒಬ್ಬನು ಇಳಿಸಿಕೊಂಡು ನಲವತ್ತು ಜನರಿಗೆ ಕೊಟ್ಟಿದ್ದರೆ ಸಾಕಾಗಿತ್ತು! ಅದನ್ನು ಅವರಿಗೆ ಮೊದಲೇ ಹೇಳಿಕೊಡದಿದ್ದದ್ದು ನಮ್ಮ ತಪ್ಪು.

ಆದುದರಿಂದ ಸರ್ಕಾರ ಎಲ್ಲರಿಗೂ ಬಿಟ್ಟುಕೊಟ್ಟಿರುವ ಪಠ್ಯಗಳು, ಮಾದರಿ ಪ್ರಶ್ನೆಪತ್ರಿಕೆಗಳು, ವೇಳಾಪಟ್ಟಿಗಳು ಇವುಗಳ ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ ಸದಾ ಇರಲಿ. ಹಿಂದೂಪುರದ ಶಾಲೆಯಲ್ಲಿರುವುದು ಕಲ್ಯಾಣದುರ್ಗದಲ್ಲೂ ಇರಲಿ. ಅಲ್ಲಿರುವುದು ಇಲ್ಲಿಯೂ ಇರಲಿ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ತರಬಹುದು. ಪ್ರತಿ ತರಗತಿಯಲ್ಲೂ ಇಬ್ಬರು ಮಕ್ಕಳು ಅದನ್ನು ಪಡೆದು, ದಿನಾಂಕ ನೋಡಿ, ಶಿಕ್ಷಕರಿಂದ ತಾಳೆ ಮಾಡಿಸಿ, ಪಕ್ಕದವರಿಗೆ ಕೊಡಲಿ. ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ: ಮನೆಯ ಫೋನಿನಲ್ಲಿ ಮಗುವಿನ ಪುಸ್ತಕಗಳಿಗಾಗಿ ಸ್ವಲ್ಪ ಜಾಗವನ್ನು ಬಿಡಿ. ಆ ಜಾಗ ನಿಮ್ಮ ಮಗುವಿಗೆ ಮಾತ್ರವಲ್ಲ, ನೆರೆಮನೆಯ ಮಗುವಿಗೂ ಆಸರೆ.

ಕನ್ನಡದ ಮಕ್ಕಳಿಗೆ ಈ ಪಾಠವನ್ನು ಕಲಿಸಲು ಕಂಪ್ಯೂಟರೇ ಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಯ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಒಂದೇ ಪ್ರತಿಯಿದ್ದರೆ ಗೆದ್ದಲು ತಿನ್ನಬಹುದು, ಬೆಂಕಿ ಸುಡಬಹುದು. ಸಾವಿರ ಮನೆಗಳಲ್ಲಿದ್ದುದನ್ನು ಯಾರು ಅಳಿಸಬಲ್ಲರು? ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ.

ವಿದ್ಯಾರ್ಥಿಗಳೇ, ಮುಂದಿನ ಫಲಿತಾಂಶದ ದಿನ ನಿಮ್ಮಲ್ಲಿ ಯಾರ ಫೋನಿನಲ್ಲಿ ಪುಟ ಮೊದಲು ತೆರೆಯುವುದೋ ಅವರು ತಮ್ಮದನ್ನು ನೋಡಿಕೊಂಡು ಓಡಿಹೋಗಬೇಡಿ. ಕಿಟಕಿಯ ಹೊರಗೆ ತಾಯಿಯೊಬ್ಬರು ನಿಂತಿರುತ್ತಾರೆ. ಅವರ ಮಗಳ ನಂಬರನ್ನು ಕೇಳಿ, ನೋಡಿ ಹೇಳಿ, ಆಮೇಲೆ ಹೊರಡಿ.