ಕೆಲಸ ನಿಲ್ಲಿಸುವ ಅಧಿಕಾರ ಯಾರದು?

ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋದರೆ ತುಂಗಭದ್ರೆ ಎದುರಾಗುತ್ತದೆ, ಆಚೆ ದಡದಲ್ಲಿ ಆನೆಗೊಂದಿ. ಎರಡೂ ದಡ ಸೇರಿಸಲು ಕಟ್ಟುತ್ತಿದ್ದ ಸೇತುವೆ 2009ರ ಜನವರಿ 22ರಂದು ಕೆಲಸ ನಡೆಯುತ್ತಿದ್ದಾಗಲೇ ಕುಸಿದು, ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ಸೇತುವೆ ಅದಕ್ಕೂ ಮೊದಲೇ ಸುದ್ದಿಯಲ್ಲಿತ್ತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದ್ದಕ್ಕೆ ಅದೂ ಒಂದು ಕಾರಣ. ಸ್ಮಾರಕಗಳಿಗೆ ಏನಾದೀತು ಎಂದು ವರ್ಷಗಟ್ಟಲೆ ವಾದ ನಡೆಯಿತು. ಆ ವಾದ ಬೇಕಿತ್ತು. ಆದರೆ ಸೇತುವೆಯ ಮೇಲೆ ನಿಂತು ದುಡಿಯುವವರಿಗೆ ಏನಾದೀತು ಎಂಬ ಪ್ರಶ್ನೆ ಅಷ್ಟೇ ಜೋರಾಗಿ ಕೇಳಿಬಂದದ್ದು ಹೆಣಗಳನ್ನು ಹೊರತೆಗೆದ ಮೇಲೆ.

ಕೆಲಸದ ಜಾಗದಲ್ಲಿ ಸುರಕ್ಷತೆಯ ವ್ಯವಸ್ಥೆ ಎಂದಕೂಡಲೇ ಹೆಲ್ಮೆಟ್ಟು, ಫಲಕ, ಮಾರ್ಚ್ 4ರ ಸುರಕ್ಷತಾ ದಿನದ ಪ್ರತಿಜ್ಞೆ ನೆನಪಾಗುತ್ತವೆ. ನನ್ನ ಮಟ್ಟಿಗೆ ಅದು ಶುರುವಾಗುವುದು ಬೇರೆ ಕಡೆ: ಅಪಾಯ ಕಂಡ ಕೂಲಿಯಾಳು ‘ನಿಲ್ಲಿಸಿ’ ಎಂದರೆ ಕೆಲಸ ನಿಲ್ಲಬೇಕು, ಅವನ ಆ ದಿನದ ಪಗಾರ ಕಡಿತವಾಗಬಾರದು, ನಾಳೆಯೂ ಅವನನ್ನು ಕೆಲಸಕ್ಕೆ ಕರೆಯಬೇಕು. ಆಸರೆಯ ಕಂಬ ಅಲುಗುವುದು ಮೊದಲು ತಿಳಿಯುವುದು ಅದರ ಕೆಳಗಿರುವವನಿಗೆ. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕು ಕಾರ್ಮಿಕರಿಗೆ ಸಿಕ್ಕಿತು. ಅದೂ ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಲ್ಲಿ ಮಾತ್ರ.

ಕಾನೂನು ತಲೆ ಎಣಿಸಿ ರಕ್ಷಣೆ ಕೊಡುತ್ತದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸುರಕ್ಷತಾ ಸಮಿತಿ ಕೇಳಿದ್ದು 500 ಜನರಿದ್ದಲ್ಲಿ. ಕಾರ್ಮಿಕರ ಸುರಕ್ಷತೆಯ 2020ರ ಸಂಹಿತೆ ಸುರಕ್ಷತಾ ಅಧಿಕಾರಿಯನ್ನು ಕೇಳುವುದು ಕಟ್ಟಡ ಕೆಲಸದಲ್ಲಿ 250, ಗಣಿಯಲ್ಲಿ 100 ಜನರಿದ್ದರೆ. ಸಂಡೂರಿನ ಗಣಿಯ ಗೇಟಿನೊಳಗೆ ನಿಯಮಗಳ ಪ್ರಕಾರ ತರಬೇತಿ ಕೊಡಬೇಕು, ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಗೇಟಿನಾಚೆ ಅದಿರಿನ ಲಾರಿ ಹತ್ತಿ ತಾಡಪಾಲು ಬಿಗಿಯುವ ಹುಡುಗನ ಎದೆಗೂ ಅದೇ ಕೆಂಪು ಧೂಳು ಇಳಿಯುತ್ತದೆ. ಕಂಪ್ಲಿಯ ಗದ್ದೆಯಲ್ಲಿ ಕಬ್ಬು ಕಡಿಯುವ ಗುಂಪು, ಹೊಸಪೇಟೆಯಲ್ಲಿ ಮೂರನೇ ಮಹಡಿಗೆ ಸೆಂಟ್ರಿಂಗ್ ಕಟ್ಟುವ ಐದಾರು ಜನ ಈ ಯಾವ ಎಣಿಕೆಗೂ ಸಿಗುವವರಲ್ಲ.

ಸಣ್ಣ ಗುತ್ತಿಗೆದಾರನಿಗೆ ಸುರಕ್ಷತೆಯ ಏರ್ಪಾಡೆಲ್ಲ ಹೊರೆ ಎನ್ನುವ ಮಾತಿದೆ. ಅದನ್ನು ತಳ್ಳಿಹಾಕಲಾರೆ. ಆದರೆ ಮೊದಲ ಹೆಜ್ಜೆಗೆ ದುಡ್ಡು ಬೇಡ: ಬೆಳಗ್ಗೆ ಹಾಜರಿ ಹಾಕಿದ ಮೇಲೆ ಮೇಸ್ತ್ರಿ ಆಳುಗಳ ಜೊತೆ ಒಂದು ಸುತ್ತು ಬಂದು, ನಿನ್ನೆ ಎಲ್ಲಿ ಕಾಲು ಜಾರಿತು, ಯಾವ ವೈರು ಸುಲಿದಿದೆ ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಪ್ರಾಣ ಹೋಗದೆ ತಪ್ಪಿದ ಘಟನೆಗಳೇ ಆ ಪುಸ್ತಕದಲ್ಲಿ ಮುಖ್ಯ. ಆಮೇಲೆ ಅಪಾಯವನ್ನೇ ತೆಗೆದುಹಾಕಲು ನೋಡಬೇಕು, ಆಗದಿದ್ದರೆ ಅಡ್ಡ ಕಟ್ಟಬೇಕು. ಹೆಲ್ಮೆಟ್ಟಿನ ಸರದಿ ಕೊನೆಯದು. ತಲೆಗೆ ಹೆಲ್ಮೆಟ್ ಕೊಟ್ಟು ಕೊಳೆತ ಸರ್ವೆ ಕಂಬದ ಮೇಲೆ ಹತ್ತಿಸಿದರೆ ಅದು ರಕ್ಷಣೆಯಲ್ಲ.

ನಿಜವಾದ ಖರ್ಚು ಕೆಲಸ ನಿಂತ ಗಂಟೆಗಳದ್ದು. ಕಡಿಮೆ ದರ ಬರೆದವನಿಗೇ ಕೆಲಸ ಸಿಗುವ ಪದ್ಧತಿಯಲ್ಲಿ ಆ ಗಂಟೆಗಳನ್ನು ಹೊರುವವರು ಯಾರು? ಸಿಮೆಂಟಿಗೆ, ಕಬ್ಬಿಣಕ್ಕೆ ಇರುವಂತೆ ಸುರಕ್ಷತೆಗೂ ಟೆಂಡರಿನಲ್ಲಿ ಪ್ರತ್ಯೇಕ ಬಾಬ್ತು ಇರಲಿ, ಪೈಪೋಟಿಯಲ್ಲಿ ಅದನ್ನು ಕತ್ತರಿಸುವಂತಿಲ್ಲ ಎಂಬ ಷರತ್ತಿರಲಿ. ಸೇತುವೆ, ಕಾಲುವೆ, ಶಾಲೆಯ ಕೋಣೆ ಕಟ್ಟಿಸುವುದು ಸರ್ಕಾರವೇ ಆದ್ದರಿಂದ, ಇದನ್ನು ತನ್ನ ಮುಂದಿನ ಕಾಮಗಾರಿಯಿಂದಲೇ ಶುರುಮಾಡಲು ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.