ಬ್ರ್ಯಾಕೆಟ್ ಇರಲಿ, ಚುಕ್ಕಿ ಬೇಡ

ಹಾನಗಲ್ ತಾಲ್ಲೂಕಿನ ಆಡೂರಿನ ವಿವರಗಳನ್ನು ಪೈಥಾನ್ ಡಿಕ್ಷನರಿಯಲ್ಲಿ ತುಂಬಿಟ್ಟರೆ, ಊರು['ತಾಲ್ಲೂಕು'] ಎಂದಾಗ ಉತ್ತರ ಸಿಗುತ್ತದೆ. ಊರು.ತಾಲ್ಲೂಕು ಎಂದರೆ ಎರರ್. 2008ರಲ್ಲಿ ಬಂದ ಪೈಥಾನ್ 3 ಕನ್ನಡದ ಹೆಸರುಗಳನ್ನು ಒಪ್ಪುತ್ತದೆ. ತಡೆ ಲಿಪಿಯದಲ್ಲ, ಡಿಕ್ಷನರಿಯದು.

ಟೈಪಿಂಗ್ ಉಳಿಯುತ್ತದೆಂದು ಅನೇಕರು ಪ್ರತ್ಯೇಕ ಕ್ಲಾಸ್ ಬರೆದು ಚುಕ್ಕಿಯ ದಾರಿ ತೆರೆಯುತ್ತಾರೆ. ಅದು ದುಬಾರಿ ಸುಲಭ. 'ಪಿನ್‌ಕೋಡ್' ಎಂಬ ಕೀಯನ್ನೇ ನೋಡಿ: ಅಕ್ಷರಗಳು 'ನ್ಕೋ' ಎಂದು ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತೊಂದು ನಡುವೆ ಕೂತಿದೆ. ಬ್ರ್ಯಾಕೆಟ್ಟಿನೊಳಗೆ ಅದಕ್ಕೆ ತಕರಾರಿಲ್ಲ. ಚುಕ್ಕಿಯ ಮುಂದೆ ಬಂದರೆ ಪ್ರೋಗ್ರಾಮ್ ಶುರುವೇ ಆಗದು. 'ಬ್ಯಾಡಗಿ ಮೆಣಸಿನಕಾಯಿ'ಯ ನಡುವಿನ ಖಾಲಿ ಜಾಗಕ್ಕೂ ಅದೇ ಗತಿ.

ಇಂಗ್ಲಿಷಿನಲ್ಲಿ 'ಐಟಮ್ಸ್' ಎಂಬ ಕೀ ಇದ್ದರಂತೂ ಚುಕ್ಕಿ ಕೊಡುವುದು ಡಿಕ್ಷನರಿಯ ಸ್ವಂತ ಮೆಥಡ್ಡನ್ನು. ಎರರ್ ಕೂಡ ಬಾರದು!

ಖಾನೆಗಳು ಮೊದಲೇ ಗೊತ್ತಿದ್ದರೆ, 2018ರಿಂದ ಪೈಥಾನ್‌ನಲ್ಲೇ ಡೇಟಾಕ್ಲಾಸ್ ಇದೆ. ಚುಕ್ಕಿ ಬೇಕೆನ್ನುವವರು ಅದನ್ನು ಬಳಸಲಿ.